ಚಂದ್ರಾಬಾಯಿ ಎತ್ತಿ ನೋಡಿದ ಲ್ಯಾಪ್‌ಟಾಪು

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಚಂದ್ರಾಬಾಯಿಯ ಮುಂದೆ ಹಾವು ಸಾಧು ಪ್ರಾಣಿ. ಪಕ್ಕದ ಹೊಲದವರ ನಾಯಿ ಅವಳ ಕುರಿಮರಿಯೊಂದನ್ನು ಕಚ್ಚಿ ಹದಿನಾಲ್ಕು ವರ್ಷವಾಯಿತು. ನಾಯಿ ಸತ್ತಿತು, ಅದನ್ನು ಸಾಕಿದ ಮುದುಕನೂ ಸತ್ತ. ಆ ಮನೆಯ ನೀರನ್ನು ಅವಳು ಇಂದಿಗೂ ಮುಟ್ಟುವುದಿಲ್ಲ. ನಮ್ಮ ದರಿಬಡಚಿಯಲ್ಲಿ ಇದು ಎಲ್ಲರಿಗೂ ಗೊತ್ತು, ಹಾಗಾಗಿ ಅವಳ ತಂಟೆಗೆ ಯಾರೂ ಹೋಗುವುದಿಲ್ಲ. ಜತ್ತದ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಹಾಂತನಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಮರಾಠಿ ಸೀಮೆಯೊಳಗಿನ ಈ ಊರಿನ ಕನ್ನಡ ಶಾಲೆಯ ಮಾಸ್ತರ. ಎಲ್ಲರೂ ಗುರೂಜಿ ಅನ್ನುತ್ತಾರೆ. ಚಂದ್ರಾಬಾಯಿಯ ಮಗಳು ರೂಪಾಲಿಯೂ ನನ್ನ ಮಗಳು ಅನುರಾಧಾಳೂ ಓರಗೆಯವರು. ಹನ್ನೆರಡನೆಯ ತರಗತಿ ಮುಗಿಸಿ ಇಬ್ಬರೂ ಸಾಂಗಲಿಯ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯಲು ಸೇರಿದರು, ಒಂದೇ ಹಾಸ್ಟೆಲ್ಲಿನಲ್ಲಿ ಉಳಿದರು. ಲ್ಯಾಪ್‌ಟಾಪ್ ಇಲ್ಲದೆ ನಡೆಯುವುದಿಲ್ಲ ಎಂದು ಕಾಲೇಜಿನವರು ಮೊದಲ ದಿನವೇ ಹೇಳಿದ್ದರು.

ಚಂದ್ರಾಬಾಯಿಯ ಗಂಡ ಬೀರು ಕುರಿ ಹೊಡೆದುಕೊಂಡು ಊರೂರು ಅಲೆಯುವವನು. ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಕೊಡುವುದು, ಕೊಳ್ಳುವುದು, ಜಗಳವಾಡುವುದು ಎಲ್ಲ ಇವಳ ಪಾಲಿಗೆ. ಐದು ಮರಿ ಮಾರಿ ಬಂದ ಇಪ್ಪತ್ತನಾಲ್ಕು ಸಾವಿರವನ್ನು ಸೆರಗಿಗೆ ಕಟ್ಟಿಕೊಂಡು ಒಂದು ಬೆಳಿಗ್ಗೆ ನನ್ನ ಮನೆಗೆ ಬಂದಳು.

"ಗುರೂಜಿ, ರೂಪಾಲಿ ಕಾಲೇಜಿನಾಗ ಹೆಸರ ಹಚ್ಚಾಕ ಸಾಂಗಲಿಗಿ ಹೋಗ್ಯಾಳ್ರಿ. ಲ್ಯಾಪಟಾಪ ತರೂದೈತಿ. ನನ್ನ ಜೋಡಿ ಜತ್ತಕ್ಕ ಬರ್ರಿ."

ನನಗೆ ಅಂದು ಬೇರೆ ಕೆಲಸವೇನೂ ಇರಲಿಲ್ಲ. ಬಿಸಿಲಿತ್ತು, ಅಷ್ಟೇ. ಒಂದು ಚೀಟಿ ಬರೆದುಕೊಟ್ಟೆ. ರ‍್ಯಾಮ್ ಎಂಟು ಜಿಬಿ, ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ, ಪ್ರೊಸೆಸರ್ ದೊಡ್ಡದು ಬೇಕಿಲ್ಲ, ಒಂದು ವರ್ಷದ ಗ್ಯಾರಂಟಿ, ಹಳೆಯ ಮಾಲು ಬೇಡ. ಇಷ್ಟು ಬರೆದು ಕೈ ತೊಳೆದುಕೊಂಡೆ.

ಅಂಗಡಿಯಲ್ಲಿ ಅವಳು ಚೀಟಿ ಕೊಟ್ಟಳು. ಮಹಾಂತ ಅದನ್ನು ಓದಿ, ಮಡಚಿ, ತನ್ನ ಕಿಸೆಗೇ ಹಾಕಿಕೊಂಡ. ಮೊದಲು ಒಂದು ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ತೋರಿಸಿದ. ಚಂದ್ರಾಬಾಯಿ ಅದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಮೇಲೆ ಕೆಳಗೆ ಆಡಿಸಿ ನೋಡಿದಳು. ಮರಿ ಕೊಳ್ಳುವಾಗ ಹಾಗೆಯೇ ನೋಡುವುದು. ಕೈತೂಕದಲ್ಲಿ ಅವಳು ಅರ್ಧ ಕಿಲೋ ತಪ್ಪುವುದಿಲ್ಲ. ಮರಿ ಹಗುರಾಗಿದ್ದರೆ ಒಳಗೆ ರೋಗ, ಭಾರವಾಗಿದ್ದರೆ ಕಸುವು. ಮೂವತ್ತು ವರ್ಷ ಅವಳಿಗೆ ಅನ್ನ ಹಾಕಿದ ಲೆಕ್ಕ ಅದು.

"ಇದರಾಗ ಏನೂ ಇಲ್ಲಲ್ರಿ ಸಾವಕಾರ್ರ. ಬಡಕಲೈತಿ."

ಮಹಾಂತನಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ದಪ್ಪನೆಯ ಕರಿಯ ಯಂತ್ರವೊಂದನ್ನು ಒರೆಸಿ ತಂದ.

"ಇದನ್ನ ಎತ್ತಿ ನೋಡ್ರಿ ಅಕ್ಕಾರ. ಗುರೂಜಿ ಬರದದ್ದೆಲ್ಲಾ ಇದರಾಗ ತುಂಬೇದ. ತೂಕನ ಹೇಳ್ತದ ನೋಡ್ರಿ."

ತೂಕ ಹೇಳಿತು. ಅವಳು ನಂಬಿದಳು. ಸೆರಗು ಬಿಚ್ಚಿ ಪೂರ್ತಿ ಇಪ್ಪತ್ತನಾಲ್ಕು ಸಾವಿರ ಎಣಿಸಿ, ಅವನು ತೋರಿಸಿದ ಕಡೆ ಬಿಲ್ಲಿಗೆ ಸಹಿ ಮಾಡಿ ಬಂದಳು.

ಜುಲೈ ಎರಡರಂದು ನಾನು ಅನುರಾಧಾಳಿಗೆ ಲ್ಯಾಪ್‌ಟಾಪ್ ಕೊಳ್ಳಲು ಅದೇ ಅಂಗಡಿಗೆ ಹೋದೆ. ನನ್ನ ಬಜೆಟ್ಟು ಮೂವತ್ತೆಂಟು ಸಾವಿರ. ಮಹಾಂತ ಚಹಾ ತರಿಸಿ, ಅಂಗಡಿಯಲ್ಲಿದ್ದ ನಾಲ್ಕು ಜನರ ಎದುರು ಚಂದ್ರಾಬಾಯಿಯ ಕಥೆ ಹೇಳಿದ. ಹೇಳಿದ್ದಲ್ಲ, ಆಡಿ ತೋರಿಸಿದ. ಲ್ಯಾಪ್‌ಟಾಪನ್ನು ಅಂಗೈ ಮೇಲೆ ಕುಣಿಸಿ, ಅದರ ಬೆನ್ನು ಸವರಿ, ಕೊನೆಗೆ "ಮ್ಯಾಂ" ಎಂದು ಕೂಗಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ದುಡ್ಡು ಕೊಟ್ಟೆ, ನಗುತ್ತಲೇ ಸಹಿ ಮಾಡಿದೆ. ತೆಳ್ಳಗೆ, ಹಗುರಾಗಿ, ಬೆಳ್ಳಗೆ ಹೊಳೆಯುವ ಯಂತ್ರ ಹಿಡಿದುಕೊಂಡು ಮನೆಗೆ ಬಂದು ಊಟಕ್ಕೆ ಕೂತಾಗ ಮಹಾಂತನ ನಾಟಕವನ್ನು ನಾನೂ ಆಡಿ ತೋರಿಸಿದೆ. ಅನುರಾಧಾಳೂ ಸೇರಿ ಮನೆಮಂದಿಯೆಲ್ಲ ನಕ್ಕರು.

ರೂಪಾಲಿಯ ಯಂತ್ರ ಶುರುವಾಗಲು ಕಾಲು ಗಂಟೆ ಬೇಕಿತ್ತು. ಅದರ ಫ್ಯಾನಿನ ಸದ್ದಿಗೆ ಕೋಣೆಯ ಹುಡುಗಿಯರು ಬೈಯುತ್ತಿದ್ದರು. ವಯರು ಕಿತ್ತರೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಸೆಪ್ಟೆಂಬರಿನ ಪ್ರ್ಯಾಕ್ಟಿಕಲ್ ಪರೀಕ್ಷೆಯ ನಡುವೆ ಸತ್ತೇ ಹೋಯಿತು, ಆ ವಿಷಯ ಪಾಸಾಗದೆ ಉಳಿಯಿತು. ಆಮೇಲೆ ಬೇರೆಯವರು ಮುಗಿಸಿ ಏಳುವ ತನಕ ಕಾದು ಅವರ ಯಂತ್ರದಲ್ಲಿ ಕೆಲಸ ಮಾಡಬೇಕಾಯಿತು. ಅವಳು ಹಾಗೆ ಕಾಯುತ್ತ ನಿಂತಾಗ ಹಿಂದಿನಿಂದ ಯಾರೋ "ಮ್ಯಾಂ" ಅನ್ನುತ್ತಿದ್ದರಂತೆ.

ಮಗಳು ಫೋನಿನಲ್ಲಿ ಅತ್ತದ್ದನ್ನು ಕೇಳಿ ಚಂದ್ರಾಬಾಯಿ ಮರುದಿನವೇ ಸಾಂಗಲಿ ಬಸ್ಸು ಹತ್ತಿದಳು. ಕಾಲೇಜಿನ ಹತ್ತಿರ ಲ್ಯಾಪ್‌ಟಾಪ್ ರಿಪೇರಿ ಮಾಡುವ ಕಲ್ಮೇಶ ನಮ್ಮ ಕಡೆಯ ಶೇಗಾಂವದವನು. ಯಂತ್ರ ಬಿಚ್ಚಿ ನೋಡಿ, ಇದು ಎಂಟು ವರ್ಷದ ಮಾಲು, ಯಾವುದೋ ಆಫೀಸಿನವರು ಎಸೆದದ್ದು, ಮೇಲಿನ ಕವಚ ಮಾತ್ರ ಹೊಸದು ಎಂದ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ರೊಟ್ಟಿಯ ಗಂಟು ಪಕ್ಕಕ್ಕಿಟ್ಟು ಅವನ ಎದುರು ನೆಲದ ಮೇಲೆ ಕೂತಳು.

"ಇದರ ಹಲ್ಲ ಎಲ್ಲ್ಯಾವ ತೋರ್ಸಪಾ."

ಕುರಿ ಸಂತೆಯಲ್ಲಿ ಯಾರೂ ಮಾರುವವನ ಮಾತು ನಂಬುವುದಿಲ್ಲ. ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಕಲ್ಮೇಶ ಎರಡು ದಿನ ಅವಳಿಗೆ ಲ್ಯಾಪ್‌ಟಾಪಿನ ಹಲ್ಲು ತೋರಿಸಿದ. ಒಮ್ಮೆ ಬಿಚ್ಚಿದ ಸ್ಕ್ರೂ ತಲೆಯ ಮೇಲೆ ಗೀರು ಉಳಿಯುತ್ತದೆ. ಡಬ್ಬಿಯ ಮೇಲಿನ ನಂಬರೂ ಯಂತ್ರದ ಹೊಟ್ಟೆಯ ನಂಬರೂ ಒಂದೇ ಇರಬೇಕು. ಆ ನಂಬರನ್ನು ಫೋನಿನಲ್ಲಿ ಒತ್ತಿದರೆ ಅದು ಯಾವ ವರ್ಷ ತಯಾರಾಯಿತೆಂದು ತಿಳಿಯುತ್ತದೆ. ಬ್ಯಾಟರಿ ಎಷ್ಟು ಸಲ ಚಾರ್ಜಾಗಿದೆ ಎಂಬುದನ್ನು ಯಂತ್ರವೇ ಒಪ್ಪಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ಅವಳಿಗೆ ಬರುವುದಿಲ್ಲ. ಆದರೆ ಮುನ್ನೂರು ಕುರಿಗಳ ಕಿವಿಯ ಗುರುತು ನೆನಪಿಡುವವಳಿಗೆ ಇಪ್ಪತ್ತಾರು ಅಕ್ಷರ ಯಾವ ಲೆಕ್ಕ?

ದೀಪಾವಳಿಗೆ ಬಿಲ್ಲು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅನುರಾಧಾ ರಜೆಗೆ ಬಂದಿದ್ದಳು, ಅವಳ ಲ್ಯಾಪ್‌ಟಾಪು ಮಂಚದ ಮೇಲಿತ್ತು.

"ಗುರೂಜಿ, ನೀವು ಓದಿದೋರು. ಮಹಾಂತನ ಅಂಗಡಿಗಿ ನನ್ನ ಜೋಡಿ ಬಂದು ಎರಡು ಮಾತ ಕೇಳ್ರಿ."

ನಾನು ಬಿಲ್ಲು ಓದಿದೆ. ಕೆಳಗೆ ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಬಳಸಿದ ಮಾಲು ಎಂದು ಬರೆದಿತ್ತು.

"ಬರದಾನಲ್ರಿ ಇಲ್ಲಿ. ಓದದೆ ಸಹಿ ಮಾಡಿದ್ರ ಯಾರೇನು ಮಾಡಾಕ ಬರ್ತದ?" ಅಂದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ.

ಅವಳು ಬಿಲ್ಲು ಮಡಚಿಕೊಂಡಳು. ಚಹಾ ಬರುವ ತನಕ ಮಂಚದ ಹತ್ತಿರ ಕೂತು ಅನುರಾಧಾಳ ಲ್ಯಾಪ್‌ಟಾಪನ್ನು ತಿರುವಿ ನೋಡಿದಳು, ತನ್ನ ಫೋನಿನಲ್ಲೂ ಏನೋ ಒತ್ತಿದಳು, ಯಾವಾಗ ಕೊಂಡದ್ದು ಎಂದು ಅನುವನ್ನು ಕೇಳಿದಳು. "ಹಗುರೈತಿ" ಎಂದಷ್ಟೇ ಹೇಳಿ ಎದ್ದಳು. ಚಹಾ ಕುಡಿಯಲಿಲ್ಲ. ಅವಸರವಿರಬೇಕು ಅಂದುಕೊಂಡೆ.

ಮುಂದಿನ ಜೂನಿನಲ್ಲಿ, ಕಾಲೇಜು ಸೇರುವ ಮಕ್ಕಳ ಅಪ್ಪಂದಿರು ಜತ್ತದ ಪೇಟೆಗೆ ಬರಲು ಶುರುವಾದ ದಿನ, ಚಂದ್ರಾಬಾಯಿ ಮಹಾಂತನ ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಳು. ಡಬ್ಬಿ ಹಿಡಿದು ಹೊರಬಂದವರನ್ನು ಕರೆದಳು.

"ಬರ್ರಿ, ಕುಂದ್ರಿ. ಹಲ್ಲ ನೋಡೂಣು."

ಮೊದಲು ಸಿಕ್ಕವರು ಸನಮಡಿ ಹಳ್ಳಿಯ ತಂದೆ ಮಗ. ಅವರೂ ಆ ಕಥೆ ಕೇಳಿದ್ದವರೇ, ಕಿಸಕ್ಕನೆ ನಕ್ಕರು. ಅವಳು ಸ್ಕ್ರೂ ತೋರಿಸಿದಳು, ಎರಡು ನಂಬರು ತೋರಿಸಿದಳು, ಫೋನಿನಲ್ಲಿ ವರ್ಷ ತೋರಿಸಿದಳು. ಐದು ವರ್ಷದ ಮಾಲು. ತಂದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಒಳಗಿನ ಗದ್ದಲ ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು. ಅವಳು ಮತ್ತೆ ನೂಲಲು ಕೂತಳು.

ವಾರದಲ್ಲಿ ಆರು ಡಬ್ಬಿ ವಾಪಸಾದವು. ಎರಡನೆಯ ವಾರ ಜನ ಮೊದಲು ಕಟ್ಟೆಗೆ ಬಂದು ಆಮೇಲೆ ಅಂಗಡಿಗೆ ಹೋಗತೊಡಗಿದರು. ಮೂರನೆಯ ವಾರ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಚಹಾದಂಗಡಿಯ ವಿಠೋಬ ಮಾತ್ರ ಖುಷಿಯಾಗಿದ್ದ, ಕಾಯುವವರೆಲ್ಲ ಚಹಾ ಕುಡಿಯುತ್ತಿದ್ದರು. ಮಹಾಂತ ಬೆದರಿಸಿದ, ಬೈದ, ಕೊನೆಗೆ ಹೊಸ ಲ್ಯಾಪ್‌ಟಾಪಿನ ಡಬ್ಬಿ ಹಿಡಿದು ದರಿಬಡಚಿಗೆ ಅವಳ ಮನೆಗೇ ಬಂದ. ರೂಪಾಲಿ ಆ ದಿನ ಮನೆಯಲ್ಲಿದ್ದಳು. ಡಬ್ಬಿ ನೋಡಿದ ಮಗಳ ಕಣ್ಣು ಅದರ ಮೇಲೆಯೇ ನೆಟ್ಟಿತು.

"ತಗೋರಿ ಅಕ್ಕಾರ. ಖರೇ ಹೊಸಾದು. ಇಲ್ಲಿಗಿ ಮುಗಸೂಣು."

"ಇಲ್ಲಿ ಬ್ಯಾಡ್ರಿ. ನನ್ನ ಮಾನ ಎಲ್ಲಿ ಕಳದೀರಿ, ಅಲ್ಲೇ ಹೊಳ್ಳಿ ಕೊಡ್ರಿ."

"ಎವ್ವಾ, ತಗೋ," ಎಂದು ರೂಪಾಲಿ ಅಳುವ ದನಿಯಲ್ಲಿ ಹೇಳಿದಳು. ತಾಯಿ ತಿರುಗಿಯೂ ನೋಡಲಿಲ್ಲ. ಮಹಾಂತ ಡಬ್ಬಿ ಎತ್ತಿಕೊಂಡು ಹೋದ. ರೂಪಾಲಿ ಎರಡು ದಿನ ಉಣ್ಣಲಿಲ್ಲ, ತಾಯಿಯ ಜೊತೆ ಮಾತೂ ಆಡಲಿಲ್ಲ. ಚಂದ್ರಾಬಾಯಿ ಮೂರನೆಯ ದಿನವೂ ಕಟ್ಟೆಗೆ ಹೋದಳು.

ಜುಲೈ ಎರಡನೆಯ ವಾರದ ಸಂತೆಯ ದಿನ ಮಹಾಂತ ಸೋತ. ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ತುಂಬಿದ ಬೀದಿಯ ಎದುರು, ಅವಳು ಹೇಳಿಕೊಟ್ಟಷ್ಟು ಹೇಳಿದ. "ಅಕ್ಕಾರ ತೂಕಾ ಮಾಡಿದ್ದು ತಪ್ಪಲ್ರಿ. ಹಳೇ ಮಾಲ ಹೊಸಾದಂತ ಹೇಳಿ ನಾ ಟೋಪಿ ಹಾಕೀನಿ. ಗ್ಯಾರಂಟಿ ಇನ್ನೂ ಉಳಿದವರು ಯಾರರ ಇದ್ರ ತರ್ರಿ, ಬದಲಿ ಕೊಡ್ತೀನಿ." ಚಂದ್ರಾಬಾಯಿ ಹೊಸ ಯಂತ್ರದ ಸ್ಕ್ರೂ, ನಂಬರು ಎಲ್ಲ ನೋಡಿ, ಬಿಲ್ಲನ್ನು ತನಗೆ ಓದಲು ಬರುವ ಮರಾಠಿಯಲ್ಲಿ ಬರೆಸಿಕೊಂಡು, ಡಬ್ಬಿಯನ್ನು ಮಗಳ ಕೈಗೆ ಕೊಟ್ಟಳು. ನನ್ನ ಹೊಟ್ಟೆಯೂ ತಣ್ಣಗಾಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನೇ.

ಆ ಉತ್ಸಾಹದಲ್ಲೇ ಅವಳ ಹತ್ತಿರ ಹೋದೆ.

"ಭಾಳ ಚಲೋ ಮಾಡಿದ್ರಿ. ಹಂಗ ಅನೂನ ಲ್ಯಾಪಟಾಪೂ ಒಂದೀಟ ನೋಡ್ರೆಲ್ಲ. ಇತ್ತೀಚಿಗಿ ಭಾಳ ಬಿಸಿ ಆಗ್ತದಂತ."

"ದೀಪಾವಳಿಗಿ ನೋಡೀನಲ್ರಿ."

"ಏನಿತ್ತು?"

"ಹಳೇದ್ರಿ. ಸ್ಕ್ರೂ ಬಿಚ್ಯಾರ. ಆರು ವರ್ಸದ ಮಾಲ."



"ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

"ನಿಮ್ಮ ಗ್ಯಾರಂಟಿ ಯಾವಾಗ ಮುಗೀತ್ರಿ?"

"ಮೊನ್ನಿ ಎರಡನೇ ತಾರೀಖಿಗಿ."

"ಅದಕ್ಕ ಈಗ ಹೇಳಾಕತ್ತೀನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಅನು ನಿಮಗೇನು ಮಾಡಿದ್ಳ್ರಿ?" ಎಂದು ಜೋರಾಗಿಯೇ ಕೇಳಿದೆ.

"ರೂಪಾಲಿ ನಿಮಗೇನು ಮಾಡಿದ್ಳ್ರಿ?" ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆ ಹಾಸ್ಟೆಲ್ಲಿನಾಗ ನಮ್ಮೂರ ಹುಡುಗ್ಯಾರು ಇಬ್ಬರ ಅದಾರ. ಒಬ್ಬಾಕಿಗಿ ಮ್ಯಾಂ ಅಂದ್ರು. ಹಂಗಾರ ಆ ಮಾತು ಅಲ್ಲಿಗಿ ಒಯ್ದಾಕಿ ಯಾರು? ಆಕಿಗಿ ಮನ್ಯಾಗ ಕುಂದರ್ಸಿ ಹೇಳಿದಾಂವ ಯಾರು? ಉಪ್ಪು ತಿಂದಾಂವ ನೀರು ಕುಡೀಬೇಕ್ರಿ ಗುರೂಜಿ."

ಅವಳು ಮಗಳನ್ನು ಕರೆದುಕೊಂಡು ಬಸ್ಸಿಗೆ ಹೋದಳು. ನಾನು ನೇರ ಮಹಾಂತನ ಅಂಗಡಿ ಹೊಕ್ಕೆ. ಅವನು ನನ್ನ ಬಿಲ್ಲಿನ ಪ್ರತಿ ತೆಗೆದ. ಕೆಳಗೆ ಅದೇ ಸಣ್ಣಕ್ಷರ, ಅದರ ಕೆಳಗೆ ನನ್ನ ಸಹಿ. ತಾರೀಖಿನ ಮೇಲೆ ಬೆರಳಿಟ್ಟು, "ಮುಗೀತಲ್ರಿ. ನೀವು ಓದಿದೋರು, ನಿಮಗ ನಾ ಏನು ಹೇಳ್ಲಿ?" ಎಂದ. ಅವತ್ತು ಬೆಳಿಗ್ಗೆಯಿಂದ ಬಾಡಿದ್ದ ಅವನ ಮುಖದಲ್ಲಿ ಆಗ ಮೊದಲ ಸಲ ನಗು ಕಂಡಿತು.

ಚಂದ್ರಾಬಾಯಿಯ ಮೇಲೆ ಸಿಟ್ಟು ಹಿಡಿದು ಕೂರಲು ಎರಡು ದಿನ ಪ್ರಯತ್ನಪಟ್ಟೆ. ಅನು ಹಾಸ್ಟೆಲ್ಲಿನಿಂದ ಫೋನು ಮಾಡಿ, ಯಂತ್ರ ಕೈಕೊಟ್ಟಿದೆ, ರೂಪಾಲಿಯ ಲ್ಯಾಪ್‌ಟಾಪ್ ಬಿಡುವಾಗುವ ತನಕ ಕಾಯುತ್ತಿದ್ದೇನೆ ಎಂದಳು. ಆಮೇಲೆ ಚಂದ್ರಾಬಾಯಿಯ ಮೇಲೆ ಸಿಟ್ಟು ನಿಲ್ಲಲಿಲ್ಲ. ಮಹಾಂತನ ಮೇಲಿನದು ನಿಂತಿದೆ. ಬಿಸಿಲಿನಲ್ಲಿ ಕಟ್ಟೆಯ ಮೇಲೆ ತಿಂಗಳಿಡೀ ಕೂರುವ ಕಸುವು ನನ್ನಲ್ಲಿಲ್ಲ, ಬರೆಯಲು ಬರುತ್ತದೆ. ಅವನ ಊರು, ಅಂಗಡಿ, ಹೆಸರು ಯಾವುದನ್ನೂ ಮುಚ್ಚಿಡದೆ ಇದನ್ನು ಬರೆದೆ.

ಅಚ್ಚಿಗೆ ಕಳಿಸುವ ಮೊದಲು ಚಂದ್ರಾಬಾಯಿಗೆ ಪೂರ್ತಿ ಓದಿ ಹೇಳಿದೆ. ಉಣ್ಣೆ ಬಿಡಿಸುತ್ತ ಕೇಳಿಸಿಕೊಂಡಳು.

"ಮಹಾಂತಂದು ಖರೇ ಹೆಸರ ಇಟ್ಟೀರಿಲ್ಲ?"

"ಇಟ್ಟೀನ್ರಿ."

"ನಂದು ಐತಿ, ನನ್ನ ಮಗಳದೈತಿ, ನಿಮ್ಮ ಮಗಳದೂ ಐತಿ. ನಿಮ್ದ ಎಲ್ಲೈತ್ರಿ?"

ನನ್ನ ಹೆಸರು ಗುರಪ್ಪ.