ಕಕ್ಕಸಿನೊಳಗಿನ ಹಾಡುಗಾರ

ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ಊರಂಚಿನ ಕರಿಯರ ಕೇರಿಯಲ್ಲಿ ಫಕಾಮಿಸಾನ ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಲಾಂಡ್ರಿಯಲ್ಲಿ ಬಿಳಿಯರ ಅಂಗಿಗಳಿಗೆ ಗಂಜಿ ಹಾಕುತ್ತಿದ್ದವನು, ಕೂಲಿ ಹೆಚ್ಚಿಸಿ ಎಂದು ಜನ ಕಟ್ಟಿದ. ಅದೇ ತಪ್ಪಾಯಿತು. ಬಿಳಿಯರ ಸರ್ಕಾರ ಅವನ ಮೇಲೆ ನಿರ್ಬಂಧ ಹೇರಿತು: ಮನೆಯವರನ್ನು ಬಿಟ್ಟು, ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಸೇರಕೂಡದು, ಸೇರಿದರೆ ಜೈಲು. "ಪಕ್ಕದ್ಮನೆಯವ್ನ ಜೊತೆ ಅವನ ಬೆಕ್ಕೂ ಬಂದ್ರೆ ಲೆಕ್ಕಕ್ಕೆ ಬರುತ್ತಾ?" ಎಂದು ಠಾಣೆಯಲ್ಲಿ ಕೇಳಿ ಒದೆ ತಿಂದಿದ್ದ.

ಅಂಥವನ ಮಗಳು ನೊಮಾಖ್ವೆಜಿಗೆ ಮದುವೆ. ಜನ ಸೇರಿದ್ದು ಬೇಲಿಯಾಚೆ, ಫಕಾಮಿಸಾನ ತಂಗಿಯ ಅಂಗಳದಲ್ಲಿ. ಅಪ್ಪ ಅಲ್ಲಿಗೆ ಹೋಗುವಂತಿಲ್ಲ. ಗಂಡನ ಮನೆಗೆ ಹೊರಡುವ ಹೊತ್ತಿಗೆ ಮಗಳು ಪಟ್ಟು ಹಿಡಿದಳು: "ಅಪ್ಪನ ಹಾಡು ಮುಗೀದೆ ನಾನು ಗೇಟು ದಾಟಲ್ಲ!" ಗಂಡಿನ ಕಡೆಯವರ ಮುಖ ಗಂಟಾಯಿತು.

ಹೆಂಡತಿ ನೊಬಾಂಡ್ಲಾ ದಾರಿ ತೋರಿಸಿದಳು. "ರೀ, ಹಿತ್ತಲ ಕಕ್ಕಸು ಬೇಲಿಗೆ ಅಂಟ್ಕೊಂಡೇ ಇದೆ. ಅಲ್ ಕೂತು ಹಾಡಿ. ಒಬ್ರೇ ಇದ್ರೆ ಅದೇನು ಸಭೆಯಾ?"

"ಮಗಳ ಮದುವೇಲಿ ಕಕ್ಕಸಲ್ಲಿ ಕೂರ್ಲಾ? ನಿನ್ ತಲೆ!"

"ಪೊಲೀಸ್ ವ್ಯಾನಲ್ಲಿ ಕೂರೋದಕ್ಕಿಂತ ವಾಸಿ."

ಕರಿ ಕೋಟು ತೊಟ್ಟು, ಟೈ ಕಟ್ಟಿ ಹೋಗಿ ಕೂತ. ಬಿಳಿಯರ ಬೀದಿಯ ಕಕ್ಕಸಲ್ಲಿ ಸರಪಳಿ ಎಳೆದರೆ ನೀರು, ಇಲ್ಲಿ ಕೆಳಗೊಂದು ಬಕೆಟ್. ಅದನ್ನು ಒಯ್ಯುವ ಗಾಡಿ ಬಂದು ಎಷ್ಟು ದಿನವಾಯಿತೋ, ಮೂಗಿಗೇ ಗೊತ್ತು.

ಹೆಂಗಸರು ಹಾಡು ಎತ್ತಿದರು. ಕಕ್ಕಸಿನಿಂದ ಗೂಳಿಯಂಥ ದನಿ ಜೊತೆಗೂಡಿತು. ಮಗಳು ಕಣ್ಣೊರೆಸಿಕೊಂಡು ಗೇಟಿನತ್ತ ಹೆಜ್ಜೆಯಿಟ್ಟಳು. ಅಷ್ಟರಲ್ಲಿ ರಸ್ತೆಯಲ್ಲಿ ಹೊಂಚು ಹಾಕುತ್ತಿದ್ದ ಇಬ್ಬರು ಬಿಳಿ ಪೊಲೀಸರು ಹಿತ್ತಲಿಗೆ ನುಗ್ಗಿ, ಬಾಗಿಲು ಎಳೆದು ಒಳಗೆ ತೂರಿದರು. ದನಿ ನಿಂತಿತು. ಮಗಳ ಕಾಲೂ ನಿಂತಿತು.

"ಏ ಹುಡ್ಗ, ಯಾರ ಜೊತೆ ಸೇರಿದೀಯ?" ಎಂದ ಅವರಲ್ಲಿ ಕಿರಿಯವನು, ಮೀಸೆ ಮೂಡದ ಸ್ಟ್ರೈಡಮ್. 'ಹುಡುಗ'ನಿಗೆ ಐವತ್ತು ದಾಟಿತ್ತು.

"ಬಕೆಟ್ ಜೊತೆ, ಸಾಹೇಬ್ರೇ. ಈಗ ನೀವಿಬ್ರೂ ಬಂದ್ರಿ, ಸಭೆ ಆಯ್ತು! ನಡೀರಿ ಕೋರ್ಟಿಗೆ. ಎಲ್ಲಿ ಸೇರಿದ್ರಿ ಅಂತ ಜಡ್ಜ್ ಕೇಳಿದ್ರೆ ನೀವೇ ಹೇಳಿ."

ಹಿರಿಯ ಪೊಲೀಸ್ ಮೂಗಿಗೆ ಕರವಸ್ತ್ರ ಒತ್ತಿದ. "ಸ್ಟ್ರೈಡಮ್, ನೀನಿಲ್ಲೇ ಇರು. ನಾನ್ ಹೊರಗಿರ್ತೀನಿ."

"ಅಯ್ಯೋ, ಹಿರಿಯರು ನೀವಿರಿ ಸಾರ್!"

ಕಾನೂನಿಗೆ ಒಬ್ಬ ಹೋದರೆ ಸಾಕಿತ್ತು. ನಾತಕ್ಕೆ ಇಬ್ಬರೂ ಓಡಿದರು.

"ಬಾಗ್ಲು ಹಾಕ್ಕೊಂಡ್ ಹೋಗ್ರೀ!" ಎಂದು ಫಕಾಮಿಸಾ ಗುಡುಗಿದ. ಬೇಲಿಯಾಚೆ ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

ತಾನೇ ಬಾಗಿಲೆಳೆದುಕೊಂಡು, ಬಿಟ್ಟಲ್ಲಿಂದ ಹಾಡು ಹಿಡಿದ. ಕೊನೆಯ ಸಾಲಿಗೆ ಮಗಳು ಗೇಟು ದಾಟಿದಳು. ಹಲಗೆಯ ಸಂದಿಯಲ್ಲಿ ಅವನಿಗೆ ಕಂಡದ್ದು ಅವಳ ಬಿಳಿ ಉಡುಪಿನ ಅಂಚು ಮಾತ್ರ. ಅದಕ್ಕೆ ಗಂಜಿ ಹಾಕಿದ್ದು ಅವನೇ.