ಮೊಳೆಗೆ ಮರಳದ ಬೀಗದ ಕೈ

ಯಸಳೂರಿನ ಹೋಟೆಲೊಂದರಲ್ಲಿ, ಶೌಚಾಲಯದಿಂದ ಹಿಂದಿರುಗಿದ ಹುಡುಗಿಯೊಬ್ಬಳು ಅದರ ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕದೆ ಒಡತಿ ಗಿರಿಜಮ್ಮನವರ ಅಂಗೈಯಲ್ಲಿಟ್ಟಳು. ಅವಳು ಹೊರರಾಜ್ಯದವಳು; ಅವಳನ್ನು ಎಸ್ಟೇಟ್ ಕೆಲಸಕ್ಕೆಂದು ಕರೆತಂದಿದ್ದವನು ನನ್ನ ಪಕ್ಕದ ಮೇಜಿನಿಂದ ಏಳಲು ಅವಸರಿಸುತ್ತಿದ್ದನು.

"ಕೂತ್ಕಳಣ್ಣ, ರೊಟ್ಟಿ ಹಂಚಿಗೆ ಹಾಕ್ಬುಟ್ಟಿದೀನಿ. ತಿನ್ದೆ ಹೋದ್ರೆ ನನ್ ರೊಟ್ಟಿಗೆ ಅವಮಾನ," ಎಂದು ನಗುತ್ತಲೇ ಅವನನ್ನು ಕೂರಿಸಿದ ಗಿರಿಜಮ್ಮ, ಹುಡುಗಿಯನ್ನು ಅಡುಗೆಮನೆಗೆ ಕರೆದೊಯ್ದು ಅಲ್ಲಿಂದಲೇ ಫೋನು ಮಾಡಿದರು. ಅವನು ರೊಟ್ಟಿ ತಿನ್ನುತ್ತಿರುವಾಗಲೇ ಪೊಲೀಸ್ ಜೀಪು ಬಂದಿತು. ಹುಡುಗಿಯ ಫೋನನ್ನೂ ಅವನೇ ಕಿತ್ತಿಟ್ಟುಕೊಂಡಿದ್ದನೆಂದು ಆಗ ತಿಳಿಯಿತು. ಅವಳು ಅವನೊಡನೆ ಮುಂದಕ್ಕೆ ಹೋಗಲಿಲ್ಲ.

ಹೇಗೆ ಗೊತ್ತಾಯಿತೆಂದು ನಾನು ವಿಚಾರಿಸಿದಾಗ ಗಿರಿಜಮ್ಮ ಗೋಡೆಯ ಮೇಲಿದ್ದ ಮಾನವ ಕಳ್ಳಸಾಗಣೆ ಸಹಾಯವಾಣಿಯ ಫಲಕವನ್ನು ತೋರಿಸಿದರು. "ಹಾಕ್ಲೇಬೇಕು ಅಂದ್ರು, ಹಾಕಿದೀನಿ. ಆದ್ರೆ ಕರ್ಕಂಡ್ ಬಂದೋನ ಕಣ್ಣೆದ್ರಿಗೆ ಯಾವ ಹುಡ್ಗಿ ಓದ್ತಾಳೆ ಟೀಚರಮ್ಮ? ಅದ್ಕೇ ಒಳಗಡೆ ಬಾಗ್ಲಿಗೂ ಒಂದು ಅಂಟ್ಸಿದೀನಿ."

ಹೊರಡುವ ಮುನ್ನ ನಾನೂ ಆ ಬೀಗದ ಕೈ ಪಡೆದು ಒಳಹೋದೆನು. ಬಾಗಿಲಿನ ಫಲಕದ ಕೆಳಗೆ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಒಂದು ಸಾಲಿತ್ತು: 'ಸಹಾಯ ಬೇಕಿದ್ದರೆ ಬೀಗದ ಕೈಯನ್ನು ಹೋಟೆಲಿನ ಒಡತಿಯಾದ ನನ್ನ ಕೈಗೆ ಕೊಡಿ.'

ಹಿಂದಿರುಗಿ ಅದನ್ನು ಮೊಳೆಗೆ ತೂಗುಹಾಕಿದಾಗ, ಹಾಗೆ ತೂಗುಹಾಕಿ ಮನೆಗೆ ಹೋಗಬಲ್ಲ ನಿರಾಳವು ಎಷ್ಟು ದೊಡ್ಡದೆಂಬುದನ್ನು ಮೊದಲ ಬಾರಿಗೆ ಅರಿತೆನು.