ಒಂದು ಪೂರ್ತಿ ಉಸಿರು ಬೇಡಿಕೊಂಡೆ

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಯಜಮಾನರು ಹುಣಸೆಮರದಿಂದ ಬಿದ್ದರು. ನಾನು ಐ.ಡಿ.ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಯಜಮಾನರು ತಿಮ್ಮರಾಜು, ಕ್ಯಾತಗಾನಚೆರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾರೆ. ರಜೆಯ ದಿನ ಹೊಲದ ಬದುವಿನ ಮರ ಹತ್ತಿ ಹಣ್ಣು ಬಡಿಯುವಾಗ ಕೊಂಬೆ ಮುರಿದು, ಮಗ್ಗುಲಾಗಿ ಕಲ್ಲಿನ ಮೇಲೆ ಬಿದ್ದರು. ಆಮೇಲೆ ನಡೆದದ್ದನ್ನು ನರಸಿಂಹಸ್ವಾಮಿಯನ್ನು ನಂಬಿದ ನಿಮ್ಮೆಲ್ಲರ ಹತ್ತಿರ ಹೇಳಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ಎಕ್ಸ್‌ರೇ ತೆಗೆದು, ಪಕ್ಕೆಲುಬುಗಳು ಸಾಲಾಗಿ ಮುರಿದಿವೆ ಎಂದು ತುಮಕೂರಿಗೆ ಕಳಿಸಿದರು. ದಾರಿಯಲ್ಲಿ ಹಂಪು ಬಂದಾಗಲೆಲ್ಲ ನನ್ನ ಕೈ ಹಿಂಡುತ್ತಿದ್ದರು, ಒಂದು ಸಲವೂ ನರಳಲಿಲ್ಲ. ಗಂಡಸು ನೋವು ಅನ್ನಬಾರದು ಎಂದು ನಮ್ಮತ್ತೆ ಇವರಿಗೆ ಸಣ್ಣವರಿದ್ದಾಗಿನಿಂದ ಹೇಳಿ ಬೆಳೆಸಿದ್ದರು. ಯಾರು ಕೇಳಿದರೂ ಪರವಾಗಿಲ್ಲ, ತಡ್ಕಂತೀನಿ ಎನ್ನುವುದೇ ಅವರ ಉತ್ತರ. ತಲೆಗೆ ಪೆಟ್ಟಿಲ್ಲ, ಹೊಟ್ಟೆಯೊಳಗೆ ರಕ್ತಸ್ರಾವ ಇಲ್ಲ ಎಂದಾಗ ಗಂಡಾಂತರ ಕಳೆಯಿತು ಅಂದುಕೊಂಡೆ.

ಆದರೆ ಮಾರನೆಯ ದಿನ ಅವರ ಉಸಿರು ಚಿಕ್ಕದಾಗುತ್ತಾ ಬಂತು. ಗಂಟಲಲ್ಲಿ ಕಫ ಗೊರಗೊರ ಎನ್ನುತ್ತಿದ್ದರೂ ಕೆಮ್ಮಲಾಗುತ್ತಿರಲಿಲ್ಲ. ಮುಖಕ್ಕೆ ಆಕ್ಸಿಜನ್ ಹಾಕಿದರು. ಹೀಗೇ ಆದರೆ ಗಂಟಲಿಗೆ ನಳಿಕೆ ಇಳಿಸಿ ಮೆಷಿನ್ನಿನಲ್ಲಿ ಉಸಿರಾಡಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ವಾರ್ಡಿನ ಹೊರಗೆ ಕಿಟಕಿಯ ಸರಳು ಹಿಡಿದು ನಿಂತೆ. ಹರಕೆ ಏನೂ ಹೊರಲಿಲ್ಲ. ಸ್ವಾಮಿ, ಬೇರೇನೂ ಬೇಡ, ಅವರಿಗೆ ಒಂದು ಪೂರ್ತಿ ಉಸಿರು ಕೊಡು ಎಂದಷ್ಟೇ ಬೇಡಿಕೊಂಡೆ.

ಒಳಗೆ ಬಂದಾಗ, ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಅರಿವಳಿಕೆ ಡಾಕ್ಟರಮ್ಮ ನಮ್ಮ ಯಜಮಾನರ ಕಡೆ ತಿರುಗಿ ನಿಂತಿದ್ದರು. ಒಂದ್ಸಲ ಕೆಮ್ಮಿ ಎಂದರು. ಇವರು ಕೆಮ್ಮಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು, ಕಣ್ಣಲ್ಲಿ ನೀರು ಬಂತು.

"ನಿಮ್ಮ ನೋವೇ ನಿಮ್ಮನ್ನ ಉಸಿರಾಡೋಕೆ ಬಿಡ್ತಿಲ್ಲ. ತಡ್ಕೊಂಡಷ್ಟೂ ಕಫ ಕಟ್ಟುತ್ತೆ. ನಿಜ ಹೇಳಿ, ಎಷ್ಟು ನೋಯ್ತಿದೆ?"

ಇವರು ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ತಡಿಯಕ್ಕಾಗಕಿಲ್ಲ ಮೇಡಂ" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಈ ಮಾತನ್ನು ನಾನು ಕೇಳಿದ್ದಿಲ್ಲ.

ಬೆನ್ನುಮೂಳೆಯ ಹತ್ತಿರ ಸಣ್ಣ ನಳಿಕೆ ಇಟ್ಟು, ಆ ಭಾಗ ಮರಗಟ್ಟುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ, ಒಪ್ಪಿಗೆ ಬೇಕು ಎಂದರು ಡಾಕ್ಟರಮ್ಮ. ಊರಿಗೆ ಫೋನ್ ಮಾಡಿದರೆ ಅತ್ತೆ ಹೆದರಿಬಿಟ್ಟರು. "ಬೆನ್ನಿಗೆ ಸೂಜಿ ಹಾಕುಸ್ಬ್ಯಾಡ ಕಣಮ್ಮ, ಕಾಲು ಬಿದ್ದೋದ್ರೆ ಏನ್ ಮಾಡೀಯ?" ನನಗೂ ಅದೇ ಭಯ. ಡಾಕ್ಟರಮ್ಮನಿಗೆ ಹೇಳಿದೆ. ಅವರು ಗದರಲಿಲ್ಲ. ಅಪಾಯ ಇಲ್ಲವೇ ಇಲ್ಲ ಎಂದೂ ಹೇಳಲಿಲ್ಲ. ಅದು ಬಹಳ ಅಪರೂಪ, ಬಿಪಿ, ಕಾಲಿನ ಬಲ ಎಲ್ಲ ನೋಡುತ್ತಾ ಇರುತ್ತೇವೆ, ಮೆಷಿನ್ನಿಗೆ ಹೋದರೆ ಅಪಾಯ ಇದಕ್ಕಿಂತ ದೊಡ್ಡದು ಎಂದು ಬಿಡಿಸಿ ಹೇಳಿದರು. ಕೇಳುತ್ತಾ ಇದ್ದಂತೆ ನನಗೆ ಧೈರ್ಯ ಬಂತು. ನಾವು ಕರೆಯದೆಯೇ ನಮ್ಮ ಹಾಸಿಗೆ ಹತ್ತಿರ ಬಂದವರು ಇವರು.

"ಸ್ವಾಮಿನೇ ಕಳ್ಸವ್ನೆ ಅಂತ ಒಪ್ಕಂತಿದೀನಿ ಅತ್ತೆ" ಎಂದು ಮತ್ತೆ ಫೋನಿನಲ್ಲಿ ಹೇಳಿದೆ. ಅಂಗಾರೆ ಅವನ ಮೇಲೇ ಭಾರ ಹಾಕು ಎಂದರು ಅತ್ತೆ.

ಬೆನ್ನಿಗೆ ನಳಿಕೆ ಇಟ್ಟು ಮುಗಿಸಿ, ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕರೆದರು. ಯಜಮಾನರು ಒರಗಿ ಕೂತಿದ್ದರು. ಎದೆ ನಿಧಾನವಾಗಿ ಏರಿತು, ಇಳಿಯಿತು. ನರ್ಸ್ ಹೇಳಿದಂತೆ ಪಕ್ಕೆಗೆ ದಿಂಬು ಒತ್ತಿ ಕೆಮ್ಮಿದರು, ಕಫ ಬಂತು. "ಉಸ್ರು ಒಳಿಕ್ಕೆ ಹೋಯ್ತಾ ಐತೆ ಕಣೆ" ಎಂದವರೇ ಕೂತಲ್ಲೇ ನಿದ್ದೆಹೋದರು. ನಾನು ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತುಬಿಟ್ಟೆ. ಮೆಷಿನ್ನಿನ ಮಾತು ಮತ್ತೆ ಬರಲೇ ಇಲ್ಲ.

ಅದು ಔಷಧಿಯ ಕೆಲಸ ಎನ್ನುವವರೊಡನೆ ನಾನು ವಾದ ಮಾಡುವುದಿಲ್ಲ. ಔಷಧಿ ಡಾಕ್ಟರಮ್ಮನದೇ. ಅವರನ್ನು ನಮ್ಮ ಕಡೆ ತಿರುಗಿಸಿದವನು, ನಮ್ಮವರ ಬಾಯಿ ಬಿಡಿಸಿದವನು ಸ್ವಾಮಿ. ನಿಮ್ಮವರೂ ಆಸ್ಪತ್ರೆಯಲ್ಲಿ ಹಲ್ಲುಕಚ್ಚಿ ಮಲಗಿದ್ದರೆ, ನೋವನ್ನು ಬಾಯಿಬಿಟ್ಟು ಹೇಳಲು ಹೇಳಿ. ದೇವರು ಅದನ್ನು ತಪ್ಪೆಣಿಸುವುದಿಲ್ಲ.

ಊರಿಗೆ ಬಂದ ಮೇಲೆ ಮೂವರೂ ಗುಡಿಗೆ ಹೋದೆವು. ಯಜಮಾನರು ಅಡ್ಡಬೀಳಲಾಗದೆ ಕೈಮುಗಿದು ನಿಂತಿದ್ದರು. ಇನ್ನೂ ನೋಯ್ತೈತೇನಪ್ಪ ಎಂದು ಅತ್ತೆ ಕೇಳಿದರು.

"ಒಸಿ ನೋಯ್ತೈತೆ ಕಣವ್ವ."

ಅತ್ತೆ ಅವರ ಪಕ್ಕೆಯ ಮೇಲೆ ಹಗುರವಾಗಿ ಅಂಗೈ ಇಟ್ಟು, ಮಂಗಳಾರತಿ ಆಗುವವರೆಗೂ ಹಾಗೇ ನಿಂತಿದ್ದರು.